ಸ್ವಾತಂತ್ರ್ಯ ಆಗಸ್ಟ್‌ನಲ್ಲಿ, ಸಂವಿಧಾನ ನವೆಂಬರ್‌ನಲ್ಲಿ, ಮತ್ತೆ ಜನವರಿ 26 ಯಾಕೆ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗಳು ಏಳನೇ ಕ್ಲಾಸು. ಗಣರಾಜ್ಯೋತ್ಸವಕ್ಕೆ ಶಾಲೆಯಲ್ಲಿ ಭಾಷಣ ಮಾಡಬೇಕಂತೆ. "ಅಪ್ಪ, ಸ್ವಾತಂತ್ರ್ಯ ಬಂದಿದ್ದು 1947ರ ಆಗಸ್ಟ್ 15. ಸಂವಿಧಾನ ಒಪ್ಪಿದ್ದು 1949ರ ನವೆಂಬರ್ 26. ಹಾಗಾದ್ರೆ ಜನವರಿ 26ಕ್ಕೆ ಆಗಿದ್ದೇನು?" ಅಂತ ಕೇಳಿದಳು. "ಸಂವಿಧಾನ ಜಾರಿಗೆ ಬಂತು" ಅನ್ನೋದು ಬಿಟ್ಟು ನನಗೆ ಮುಂದೆ ಮಾತೇ ಹೊರಡಲಿಲ್ಲ. ಮಧ್ಯದ ಎರಡೂವರೆ ವರ್ಷ ನಾವು ಏನಾಗಿದ್ದೆವು? ಪ್ರಜಾಪ್ರಭುತ್ವ, ಗಣರಾಜ್ಯ ಎರಡೂ ಒಂದೇನಾ? ಇನ್ನೊಂದು, ಆಗಸ್ಟ್ 15ಕ್ಕೆ ಧ್ವಜ ಏರಿಸೋದು, ಜನವರಿ 26ಕ್ಕೆ ಬರೀ ಬಿಚ್ಚೋದು ಅಂತ ವಾಟ್ಸಾಪ್‌ನಲ್ಲಿ ಬರ್ತಾ ಇರುತ್ತಲ್ಲ, ಅದು ನಿಜವೇ?

ಉತ್ತರ: ಮೊದಲು ನಿಮ್ಮ ಮಗಳಿಗೆ ಶಹಭಾಸ್ ಹೇಳಿ. ನಾನು ಮೂವತ್ತು ವರ್ಷ ಸಂವಿಧಾನ ಪಾಠ ಮಾಡಿದವನು. ಕಾನೂನು ಕಾಲೇಜಿನ ಮೊದಲ ವರ್ಷದವರಿಗೆ ಇದೇ ಪ್ರಶ್ನೆ ಹಾಕಿದರೆ ಅರ್ಧ ಕ್ಲಾಸು ಪಕ್ಕದವರ ಮುಖ ನೋಡುತ್ತಿತ್ತು. ನೀವು ಕೊಟ್ಟ ಉತ್ತರ ತಪ್ಪಲ್ಲ, ಬಾಯಿಪಾಠದ್ದು ಅಷ್ಟೆ. ಜಾರಿಗೆ ಬಂದಿದ್ದರಿಂದ ಬದಲಾಗಿದ್ದೇನು, ಅದಕ್ಕೆ ಅದೇ ದಿನ ಯಾಕೆ ಬೇಕಿತ್ತು ಅನ್ನೋದೇ ನಿಜವಾದ ವಿಷಯ.

ಊರಿನ ಲೆಕ್ಕದಲ್ಲಿ ಹೇಳ್ತೀನಿ. ಕೋರ್ಟು ಕಚೇರಿ ಅಲೆದು ಅಲೆದು ತಾತನ ಕಾಲದ ಜಮೀನನ್ನು ವಾಪಸ್ ಪಡೆದಿರಿ ಅಂದುಕೊಳ್ಳಿ. ಸ್ವಾಧೀನಕ್ಕೂ ಬಂತು. ಉಳೋದು ನೀವೇ, ಬೆಳೆಯೋದು ನೀವೇ, ಫಸಲೂ ನಿಮ್ಮದೇ. ಆದರೆ ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಇನ್ನೂ ಹಳೇ ಯಜಮಾನನ ಹೆಸರೇ ಕೂತಿದೆ. 1947ರ ಆಗಸ್ಟ್ 15ರಿಂದ 1950ರ ಜನವರಿ 26ರವರೆಗೆ ಭಾರತದ ಸ್ಥಿತಿ ಹೆಚ್ಚುಕಮ್ಮಿ ಹೀಗಿತ್ತು. ಆಳ್ವಿಕೆ ನಮ್ಮದು, ಕಾಗದದಲ್ಲಿ ಮಾತ್ರ ಬೇರೆಯವರ ಹೆಸರು.

ಆ ಸ್ಥಿತಿಗೆ ಡೊಮಿನಿಯನ್ ಅಂತ ಹೆಸರು. ಭಾರತಕ್ಕೆ ಸ್ವಾತಂತ್ರ್ಯ ಕೊಟ್ಟ ಕಾಯ್ದೆಯನ್ನು ಮಾಡಿದ್ದು ಬ್ರಿಟಿಷ್ ಪಾರ್ಲಿಮೆಂಟು, ಅದಕ್ಕೆ 1947ರ ಜುಲೈ 18ರಂದು ಅಂಕಿತ ಹಾಕಿದ್ದು ಅವರ ರಾಜ. ನಮ್ಮ ದಿನನಿತ್ಯದ ಆಡಳಿತ ನಡೆಯುತ್ತಿದ್ದದ್ದು 1935ರಲ್ಲಿ ಅದೇ ಪಾರ್ಲಿಮೆಂಟು ಮಾಡಿಕೊಟ್ಟ ಇನ್ನೊಂದು ಕಾಯ್ದೆಯ ಮೇಲೆ, ಅಲ್ಲಲ್ಲಿ ತಿದ್ದಿಕೊಂಡು. ನೆಹರೂ ಪ್ರಧಾನಿ, ಸಂಪುಟವೆಲ್ಲ ನಮ್ಮವರದೇ, ನಿರ್ಧಾರಗಳೂ ನಮ್ಮವರದೇ. ದೇಶದ ಮುಖ್ಯಸ್ಥ ಮಾತ್ರ ಆರನೇ ಜಾರ್ಜ್. ಅವರ ಪರವಾಗಿ ದೆಹಲಿಯಲ್ಲಿ ಗವರ್ನರ್ ಜನರಲ್: 1948ರ ಜೂನ್‌ವರೆಗೆ ಮೌಂಟ್‌ಬ್ಯಾಟನ್, ಆಮೇಲೆ ರಾಜಾಜಿ.

ಇದು ಬರೀ ಕಾಗದದ ಮಾತಲ್ವಾ ಅಂತ ನಿಮಗೆ ಅನ್ನಿಸಬಹುದು. ಆದರೆ ಜನರ ಜೇಬಿನಲ್ಲೂ ಅದು ಕಾಣುತ್ತಿತ್ತು. ಸ್ವಾತಂತ್ರ್ಯ ಬಂದು ಮೂರು ವರ್ಷ ಆಗುವವರೆಗೂ ಸಂತೆಯಲ್ಲಿ ಓಡಾಡುತ್ತಿದ್ದದ್ದು ಜಾರ್ಜ್ ತಲೆಯ ಆಣೆ, ರೂಪಾಯಿಗಳೇ. ಅಶೋಕ ಸ್ತಂಭದ ಸಿಂಹಗಳಿರುವ ಹೊಸ ನಾಣ್ಯ ಬಂದಿದ್ದು 1950ರ ಆಗಸ್ಟ್ 15ಕ್ಕೆ. ಸೈನ್ಯದ ದಂಡನಾಯಕ 1949ರ ಜನವರಿವರೆಗೆ ಬ್ರಿಟಿಷ್ ಜನರಲ್. ಜನವರಿ 15ರಂದು ಆ ಕುರ್ಚಿಗೆ ನಮ್ಮ ಕೊಡಗಿನ ಕಾರ್ಯಪ್ಪನವರು ಬಂದರು, ಅದಕ್ಕೇ ಇವತ್ತಿಗೂ ಆ ದಿನ ಸೇನಾ ದಿನ. ಇನ್ನು ಕೋರ್ಟು. ಕೊನೆಯ ಮೇಲ್ಮನವಿ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿತ್ತು, ಅದು ನಿಂತಿದ್ದು 1949ರ ಅಕ್ಟೋಬರ್‌ನಲ್ಲಿ. ಒಂದೊಂದೇ ಗಂಟು ಬಿಚ್ಚುತ್ತಾ ಬಂದರು ಅನ್ನಿ. ಕೊನೆಯ ಗಂಟು ಜನವರಿ 26ಕ್ಕೆ ಬಿಚ್ಚಿತು.

ಈಗ ತಾರೀಖಿನ ಕತೆಗೆ ಬರೋಣ, ನನಗೆ ಇಷ್ಟವಾದ ಭಾಗ ಇದು. 1929ರ ಡಿಸೆಂಬರ್‌ನಲ್ಲಿ ಲಾಹೋರ್‌ನಲ್ಲಿ ಕಾಂಗ್ರೆಸ್ ಅಧಿವೇಶನ, ಅಧ್ಯಕ್ಷರು ನಲವತ್ತರ ಪ್ರಾಯದ ನೆಹರೂ. ಅಲ್ಲಿಯವರೆಗೆ ಕೇಳುತ್ತಿದ್ದದ್ದು ಡೊಮಿನಿಯನ್ ಸ್ಥಾನ, ಅಂದರೆ ರಾಜ ಅವರವನೇ ಇರಲಿ ಆಳ್ವಿಕೆ ನಮಗೆ ಬಿಡಿ ಅನ್ನೋದು. ಲಾಹೋರ್‌ನಲ್ಲಿ ಅದು ಸಾಲದು, ಪೂರ್ಣ ಸ್ವರಾಜ್ಯವೇ ಬೇಕು ಅಂತ ನಿರ್ಣಯ ಆಯಿತು. ಡಿಸೆಂಬರ್ 31ರ ಮಧ್ಯರಾತ್ರಿ ರಾವಿ ನದಿಯ ದಡದಲ್ಲಿ ಧ್ವಜ ಏರಿಸಿದರು. ಮುಂದಿನ ಜನವರಿ 26ನ್ನು ದೇಶದ ಊರೂರಲ್ಲಿ ಸ್ವಾತಂತ್ರ್ಯ ದಿನ ಅಂತ ಆಚರಿಸಿ, ಪ್ರತಿಜ್ಞೆ ತೆಗೆದುಕೊಳ್ಳಿ ಅಂತ ಕರೆ ಹೋಯಿತು. 1930ರ ಜನವರಿ 26 ಭಾನುವಾರ. ಜನ ಸೇರಿದರು, ಪ್ರತಿಜ್ಞೆ ಓದಿದರು. ಅಲ್ಲಿಂದ 1947ರವರೆಗೆ ವರ್ಷ ವರ್ಷ ಜನವರಿ 26ಕ್ಕೇ ಸ್ವಾತಂತ್ರ್ಯ ದಿನ! ಬರದೇ ಇರುವ ಸ್ವಾತಂತ್ರ್ಯದ ದಿನವನ್ನು, ಪೊಲೀಸರ ಲಾಠಿಯ ಮುಂದೆ, ಹದಿನೇಳು ವರ್ಷ ಆಚರಿಸಿದ್ದಾರೆ ನಮ್ಮ ಹಿರಿಯರು.

ಆಗಸ್ಟ್ 15ನ್ನು ಆರಿಸಿದ್ದು ಯಾರು ಗೊತ್ತಾ? ಮೌಂಟ್‌ಬ್ಯಾಟನ್. 1948ರ ಜೂನ್ ಒಳಗೆ ಅಧಿಕಾರ ಬಿಟ್ಟುಕೊಡುತ್ತೇವೆ ಅಂತ ಬ್ರಿಟಿಷ್ ಸರ್ಕಾರ ಮೊದಲು ಹೇಳಿತ್ತು. ಅದನ್ನು ಇವರು ಹತ್ತು ತಿಂಗಳು ಹಿಂದಕ್ಕೆ ಎಳೆದರು. ಆಗಸ್ಟ್ 15 ಎರಡನೇ ಮಹಾಯುದ್ಧದಲ್ಲಿ ಜಪಾನ್ ಶರಣಾದ ದಿನ, ಮೌಂಟ್‌ಬ್ಯಾಟನ್ ಆ ಯುದ್ಧದಲ್ಲಿ ಆಗ್ನೇಯ ಏಷ್ಯಾದ ದಂಡನಾಯಕ. ತಮ್ಮ ಗೆಲುವಿನ ದಿನ ಅಂತ ಅದನ್ನೇ ಇಟ್ಟೆ ಅನ್ನೋ ಹಾಗೆ ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಅಂದರೆ ಸ್ವಾತಂತ್ರ್ಯ ನಮ್ಮದು, ತಾರೀಖು ಅವರದು. ಇತ್ತ ಹದಿನೇಳು ವರ್ಷ ಪ್ರೀತಿಯಿಂದ ಕಾಪಾಡಿಕೊಂಡು ಬಂದ ಜನವರಿ 26 ಹಾಗೇ ಖಾಲಿ ಉಳಿದುಬಿಟ್ಟಿತು. ಸಂವಿಧಾನ ಜಾರಿ ಮಾಡಲು ದಿನ ನೋಡುವಾಗ ಸಂವಿಧಾನ ರಚನಾ ಸಭೆಯವರಿಗೆ ಬೇರೆ ಪಂಚಾಂಗ ಬೇಕಾಗಲೇ ಇಲ್ಲ.

ನಿಮ್ಮ ಮಗಳು ಕೇಳಿದ ನವೆಂಬರ್ 26ರ ಜಾಗ ಇಲ್ಲಿದೆ. ಆ ದಿನ ಸಭೆ ಸಂವಿಧಾನವನ್ನು ಅಂಗೀಕರಿಸಿತು. ಪೀಠಿಕೆಯ ಕೊನೆಯ ಸಾಲು ತೆಗೆದು ನೋಡಲಿ, ಅಲ್ಲೇ ಆ ತಾರೀಖು ಇದೆ: 1949ರ ನವೆಂಬರ್ 26ರಂದು ಈ ಸಂವಿಧಾನವನ್ನು ನಮಗೆ ನಾವೇ ಕೊಟ್ಟುಕೊಳ್ಳುತ್ತೇವೆ ಅಂತ. ಆಮೇಲೆ ಪುಸ್ತಕದ ಹಿಂದಿನ ತುದಿಗೆ ಹೋಗಿ 394ನೇ ವಿಧಿ ನೋಡಲಿ. ಪೌರತ್ವ, ಚುನಾವಣಾ ಆಯೋಗ, ರಾಷ್ಟ್ರಪತಿಯ ಪ್ರಮಾಣವಚನ, ಹೀಗೆ ಕೆಲವೇ ವಿಧಿಗಳು ಈಗಿಂದೀಗಲೇ ಜಾರಿ, ಉಳಿದದ್ದೆಲ್ಲ 1950ರ ಜನವರಿ 26ಕ್ಕೆ ಅಂತ ಅಲ್ಲಿ ಬರೆದಿದೆ. ಎರಡೂ ತಾರೀಖು ಒಂದೇ ಪುಸ್ತಕದಲ್ಲಿದೆ. ಒಂದು ಪತ್ರ ಆದ ದಿನ, ಇನ್ನೊಂದು ಖಾತೆ ಬದಲಾದ ದಿನ.

ಆ ಎರಡು ತಿಂಗಳು ಸುಮ್ನೆ ಕೂತಿರಲಿಲ್ಲ. ಪೌರರು ಯಾರು ಅಂತ ಮೊದಲು ಗೊತ್ತಾಗಬೇಕು, ಇಲ್ಲದಿದ್ದರೆ ಮತದಾರರ ಪಟ್ಟಿ ಮಾಡೋದು ಹೇಗೆ? ಜನವರಿ 24ಕ್ಕೆ ಸಭೆ ಕೊನೆಯ ಸಲ ಸೇರಿತು. ಸದಸ್ಯರು ಕೈಬರಹದ ಪ್ರತಿಗಳಿಗೆ ಸಹಿ ಹಾಕಿದರು, 284 ಸಹಿಗಳು. ಇಂಗ್ಲಿಷ್ ಪ್ರತಿಯ ಅಕ್ಷರ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಅವರದು, ಪುಟಗಳ ಚಿತ್ರ ಅಲಂಕಾರ ನಂದಲಾಲ್ ಬೋಸ್ ಮತ್ತು ಶಾಂತಿನಿಕೇತನದ ಅವರ ಶಿಷ್ಯರದು. 'ಜನ ಗಣ ಮನ' ರಾಷ್ಟ್ರಗೀತೆ ಅಂತ ಘೋಷಣೆಯಾದದ್ದೂ, ರಾಜೇಂದ್ರ ಪ್ರಸಾದ್ ಅವಿರೋಧವಾಗಿ ರಾಷ್ಟ್ರಪತಿಯಾಗಿ ಆಯ್ಕೆಯಾದದ್ದೂ ಅದೇ ದಿನ. 25ಕ್ಕೆ ಚುನಾವಣಾ ಆಯೋಗ ಹುಟ್ಟಿತು. ಈಗ ಆ ದಿನ ಮತದಾರರ ದಿನ. ನವೆಂಬರ್ 26ನ್ನು ಸಂವಿಧಾನ ದಿನ ಅಂತ ಸರ್ಕಾರ ಆಚರಿಸೋದಕ್ಕೆ ಶುರುಮಾಡಿದ್ದು 2015ರಿಂದ. ಅದಕ್ಕೆ ಮೊದಲು ವಕೀಲರ ವಲಯದಲ್ಲಿ ಅದು ಕಾನೂನು ದಿನ ಆಗಿತ್ತು, ಆಚೆಗೆ ಅಷ್ಟಾಗಿ ಯಾರಿಗೂ ಗೊತ್ತಿರಲಿಲ್ಲ.

ಭಾಷಣದಲ್ಲಿ "ಜನವರಿ 26ರಂದು ಅಂಬೇಡ್ಕರ್ ಸಂವಿಧಾನ ಬರೆದರು" ಅಂತ ಮಾತ್ರ ಬರೆಸಬೇಡಿ, ವರ್ಷ ವರ್ಷ ಕೇಳಿ ಸಾಕಾಗಿದೆ. ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9. ಕೆಲಸ ಮುಗಿಯಲು ಎರಡು ವರ್ಷ ಹನ್ನೊಂದು ತಿಂಗಳು ಮತ್ತು ಹದಿನೇಳೋ ಹದಿನೆಂಟೋ ದಿನ ಹಿಡಿಯಿತು, ಎಣಿಸುವವರ ಮೇಲೆ ಒಂದು ದಿನ ಆಚೀಚೆ. ಮೊದಲ ಕರಡನ್ನು ಸಿದ್ಧಮಾಡಿದ್ದು ಸಭೆಯ ಸಲಹೆಗಾರ ಬೆನೆಗಲ್ ನರಸಿಂಗ ರಾವ್, ನಮ್ಮ ಮಂಗಳೂರಿನವರು. ಅಂಬೇಡ್ಕರ್ ಅಧ್ಯಕ್ಷತೆಯ ಏಳು ಜನರ ಕರಡು ಸಮಿತಿ ಅದನ್ನು ತಿದ್ದಿ, ಬೆಳೆಸಿ 1948ರ ಫೆಬ್ರವರಿಗೆ 315 ವಿಧಿಗಳ ಕರಡು ಕೊಟ್ಟಿತು. ಸಭೆಯಲ್ಲಿ ಚರ್ಚೆಯಾಗಿ ಹೊರಬರುವಾಗ ವಿಧಿಗಳು 395 ಆಗಿದ್ದವು. ತಿದ್ದುಪಡಿ ಬೇಕು ಅಂತ ಬಂದ ಸೂಚನೆಗಳು 7,635. ಅದರಲ್ಲಿ ಸಭೆಯಲ್ಲಿ ಮಂಡನೆಯಾದದ್ದು 2,473. ಒಂದೊಂದಕ್ಕೂ ಎದ್ದು ನಿಂತು ಇದು ಯಾಕೆ ಬೇಕು, ಇದು ಯಾಕೆ ಬೇಡ ಅಂತ ಉತ್ತರ ಹೇಳಬೇಕಲ್ಲ, ಆ ಭಾರ ಹೆಚ್ಚಾಗಿ ಬಿದ್ದದ್ದು ಅಂಬೇಡ್ಕರ್ ಹೆಗಲ ಮೇಲೆ. ಅವರ ಆರೋಗ್ಯವೂ ಆಗ ಚೆನ್ನಾಗಿರಲಿಲ್ಲ. ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು ಅಂತ ಟಿ.ಟಿ. ಕೃಷ್ಣಮಾಚಾರಿ ಸಭೆಯಲ್ಲೇ ಹೇಳಿದ್ದಾರೆ. ಹಾಗಿದ್ದೂ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್, ಈ ಶ್ರೇಯ ಪೂರ್ತಿ ನನ್ನದಲ್ಲ ಅಂತ ಬಿ.ಎನ್. ರಾವ್ ಹೆಸರು ಹೇಳಿದರು, ಕರಡುಗಾರ ಎಸ್.ಎನ್. ಮುಖರ್ಜಿ ಹೆಸರೂ ಹೇಳಿದರು. ಈಗ "ಬರೆದಿದ್ದು ಇವರಲ್ಲ, ಅವರು" ಅಂತ ಜಗಳ ಆಡುವವರು ಅದೊಂದು ಭಾಷಣ ಓದಿದ್ದರೆ ಸಾಕಿತ್ತು.

ರಾಜೀನಾಮೆ ಕೊಟ್ಟವರ ಜಾಗಕ್ಕೆ ಬಂದವರು ಎನ್. ಮಾಧವರಾವ್, ಮೈಸೂರಿನ ಮಾಜಿ ದಿವಾನರು. ಸಭೆಯಲ್ಲಿ ನಮ್ಮ ಕಡೆಯವರು ಇನ್ನೂ ಇದ್ದರು. ನಿಜಲಿಂಗಪ್ಪ, ಆರ್.ಆರ್. ದಿವಾಕರ್, ಕೆ.ಸಿ. ರೆಡ್ಡಿ, ಕೊಡಗಿನ ಸಿ.ಎಂ. ಪೂಣಚ್ಚ. ನನಗೆ ಮರೆಯಲಾಗದವರು ಕೆಂಗಲ್ ಹನುಮಂತಯ್ಯ. ಎಲ್ಲರೂ ಹೊಗಳುವ ಹೊತ್ತಿಗೆ ಅವರು ಎದ್ದು, ನಮಗೆ ಬೇಕಿದ್ದದ್ದು ವೀಣೆಯ ಇಲ್ಲವೇ ಸಿತಾರಿನ ನಾದ, ಇಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡು ಅಂದರು. ಬರೆದವರ ಓದು ಹಾಗಿತ್ತು, ಅವರನ್ನು ದೂರುವುದಿಲ್ಲ ಅಂತಲೂ ಸೇರಿಸಿದರು. ಮುಂದೆ ವಿಧಾನಸೌಧ ಕಟ್ಟಿಸಿದ್ದು ಇದೇ ಮನುಷ್ಯ. ಆ ಕಲ್ಲುಕಟ್ಟಡದ ಎದುರು ನಿಂತಾಗಲೆಲ್ಲ ನನಗೆ ಆ ವೀಣೆ ಮಾತು ನೆನಪಾಗುತ್ತದೆ. ಅವರ ಟೀಕೆಯಲ್ಲಿ ಅರ್ಧ ನಿಜ ಇತ್ತು ಅಂತ ನನ್ನ ಅಭಿಪ್ರಾಯ. 1935ರ ಕಾಯ್ದೆಯಿಂದ ಎತ್ತಿಕೊಂಡದ್ದು ಬೇಕಾದಷ್ಟಿದೆ. ಆದರೆ 21 ವರ್ಷ ತುಂಬಿದ ಎಲ್ಲರಿಗೂ, ಗಂಡಸು ಹೆಂಗಸು, ಓದಿದವರು ಓದದವರು ಅನ್ನದೆ ಒಂದೊಂದು ಓಟು ಅಂತ ಒಂದೇ ಏಟಿಗೆ ಕೊಟ್ಟಿದ್ದು ಆ ಬ್ಯಾಂಡಿನಲ್ಲಿ ಇರಲಿಲ್ಲ. ಬ್ರಿಟಿಷರ ಕಾಲದಲ್ಲಿ ಆಸ್ತಿ, ತೆರಿಗೆ, ಓದು ನೋಡಿ ಓಟು ಕೊಡುತ್ತಿದ್ದರು.

ಈಗ ಪಹಣಿಯ ವಿಷಯ. 394 ಆದಮೇಲೆ ಇನ್ನೊಂದು ಪುಟ್ಟ ವಿಧಿ ಇದೆ, ಸಂವಿಧಾನದ ಕೊನೆಯದು, 395. ಎರಡು ಮೂರು ಸಾಲು ಅಷ್ಟೆ. 1947ರ ಭಾರತ ಸ್ವಾತಂತ್ರ್ಯ ಕಾಯ್ದೆ ಮತ್ತು 1935ರ ಭಾರತ ಸರ್ಕಾರ ಕಾಯ್ದೆ ರದ್ದು ಅನ್ನುತ್ತದೆ. ಯಾವ ಕಾಯ್ದೆ ನಮಗೆ ಸ್ವಾತಂತ್ರ್ಯ ಕೊಟ್ಟಿತೋ ಅದನ್ನೇ ರದ್ದು ಮಾಡಿತು! ನಾನು ಪಾಠ ಮಾಡುವಾಗ ಈ ಮೂರು ಸಾಲಿಗೆ ಒಂದು ಪೂರ್ತಿ ಪೀರಿಯಡ್ ಇಡುತ್ತಿದ್ದೆ. ಇನ್ನೊಂದು ಕೆಲಸವನ್ನೂ ಸಭೆಯವರು ಬೇಕಂತಲೇ ಮಾಡಿದರು, ಸರಿಯಾಗಿ ಹೇಳಬೇಕೆಂದರೆ ಮಾಡದೇ ಬಿಟ್ಟರು. ಸಂವಿಧಾನವನ್ನು ಗವರ್ನರ್ ಜನರಲ್ ಅಂಕಿತಕ್ಕೆ ಕಳಿಸಲಿಲ್ಲ. ಕಳಿಸಿದ್ದರೆ ರಾಜಾಜಿ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ರಾಜನ ಪ್ರತಿನಿಧಿಯ ಸಹಿ ಆಗುತ್ತಿತ್ತು. ನಾಳೆ ಯಾರಾದರೂ ನಿಮ್ಮ ಸಂವಿಧಾನಕ್ಕೆ ಬೆಲೆ ಎಲ್ಲಿಂದ ಬಂತು ಅಂದರೆ ಬೆರಳು ಲಂಡನ್ ಕಡೆ ಹೋಗಬಾರದು, 'ಜನರಾದ ನಾವು' ಅನ್ನುವ ಕಡೆಗೇ ಹೋಗಬೇಕು. ಸಭೆಯ ಅಧ್ಯಕ್ಷರೇ ಸಹಿ ಮಾಡಿ ಮುಗಿಸಿದರು.

ಪ್ರಜಾಪ್ರಭುತ್ವವೂ ಗಣರಾಜ್ಯವೂ ಒಂದೇನಾ ಅಂದಿರಿ. ಅಲ್ಲ. ಜನ ಓಟು ಹಾಕಿ ಸರ್ಕಾರ ಮಾಡಿದರೆ ಪ್ರಜಾಪ್ರಭುತ್ವ. ದೇಶದ ಮುಖ್ಯಸ್ಥನ ಕುರ್ಚಿಯೂ ತಂದೆಯಿಂದ ಮಗನಿಗೆ ಹೋಗದೆ, ಆಯ್ಕೆಯಾಗಿ ಬಂದವರಿಗೆ ಸಿಕ್ಕರೆ ಅದು ಗಣರಾಜ್ಯ. ಬ್ರಿಟನ್ ಪ್ರಜಾಪ್ರಭುತ್ವ, ಗಣರಾಜ್ಯ ಅಲ್ಲ. ಜಪಾನ್ ಕೂಡ ಹಾಗೇ. ಪಠ್ಯಪುಸ್ತಕದಲ್ಲಿ ಇಷ್ಟು ಇರುತ್ತದೆ. ಆದರೆ ಮಗಳಿಗೆ ಅರ್ಥ ಆಗಬೇಕಂದರೆ ಬ್ರಿಟನ್ ಬೇಡ, ಮೈಸೂರು ಸಾಕು.

1947ರ ಆಗಸ್ಟ್‌ನಲ್ಲಿ ಮೈಸೂರು ಭಾರತ ಒಕ್ಕೂಟಕ್ಕೆ ಸೇರಿತು. ಆಗಸ್ಟ್ 15ಕ್ಕೆ ದೇಶವೆಲ್ಲ ಸಂಭ್ರಮ, ಮೈಸೂರಿನಲ್ಲಿ ಮಾತ್ರ ಮಹಾರಾಜರ ಕೆಳಗೆ ಅದೇ ದಿವಾನರ ಆಡಳಿತ. ಬ್ರಿಟಿಷರು ಹೋದರು, ನಮಗೆ ಬಂದಿದ್ದೇನು ಅಂತ ಜನ ಕೇಳಿದರು. ಸೆಪ್ಟೆಂಬರ್‌ನಲ್ಲಿ 'ಮೈಸೂರು ಚಲೋ' ಶುರುವಾಯಿತು. ದಿವಾನ ಆರ್ಕಾಟ್ ರಾಮಸ್ವಾಮಿ ಮುದಲಿಯಾರ್ ವಿರುದ್ಧ "ಆರ್ಕಾಟ್ ಬಾಯ್ಕಾಟ್" ಅಂತ ಬೀದಿ ಬೀದಿಯಲ್ಲಿ ಘೋಷಣೆ. ಮೈಸೂರಿನ ರಾಮಸ್ವಾಮಿ ಸರ್ಕಲ್ ದಾಟಿ ಹೋಗಿರುತ್ತೀರಲ್ಲ, ಆ ಹೆಸರು ದಿವಾನರದ್ದಲ್ಲ, ಆ ಚಳವಳಿಯಲ್ಲಿ ಗುಂಡೇಟಿಗೆ ಸತ್ತ ಹುಡುಗನದ್ದು. ಸ್ವಾತಂತ್ರ್ಯ ಬಂದು ಒಂದು ತಿಂಗಳೂ ಆಗಿರಲಿಲ್ಲ. ಕೊನೆಗೆ ಅಕ್ಟೋಬರ್‌ನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ಅಲ್ಲಿಂದ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಇತ್ತು, ಮೇಲೆ ಮಹಾರಾಜರೂ ಇದ್ದರು. ಜನರ ಮಂತ್ರಿಗಳು ಬಂದಿದ್ದರು, ಗಣರಾಜ್ಯ ಇನ್ನೂ ಬಂದಿರಲಿಲ್ಲ.

1949ರ ನವೆಂಬರ್ 25ರಂದು, ಅಂದರೆ ದೆಹಲಿಯಲ್ಲಿ ಅಂಗೀಕಾರಕ್ಕೆ ಒಂದು ದಿನ ಮುಂಚೆ, ಜಯಚಾಮರಾಜ ಒಡೆಯರ್ ಒಂದು ಘೋಷಣೆ ಹೊರಡಿಸಿದರು. ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಅಂತ. ಜನವರಿ 26ರ ಬೆಳಗ್ಗೆ ಅವರು ರಾಜಪ್ರಮುಖರಾದರು, ಅಂದರೆ ರಾಜ್ಯಪಾಲರ ಹಾಗೆ ಸಂವಿಧಾನದ ಕೆಳಗೆ ರಾಜ್ಯದ ಮುಖ್ಯಸ್ಥರು. ಅರಮನೆ ಅದೇ, ಮನುಷ್ಯ ಅದೇ. ಆದರೆ ಹಿಂದಿನ ದಿನದವರೆಗೆ ಅವರು ಆ ಜಾಗದಲ್ಲಿ ಇದ್ದದ್ದು ಒಡೆಯರ ವಂಶದಲ್ಲಿ ಹುಟ್ಟಿದ್ದಕ್ಕೆ, ಆ ಬೆಳಗ್ಗೆಯಿಂದ ಸಂವಿಧಾನದಲ್ಲಿ ಒಂದು ವಿಧಿ ಇದ್ದದ್ದಕ್ಕೆ. 1956ರ ನವೆಂಬರ್ 1ಕ್ಕೆ ರಾಜಪ್ರಮುಖ ಹುದ್ದೆಯೇ ಹೋಯಿತು, ಅವರು ಮೈಸೂರಿನ ರಾಜ್ಯಪಾಲರಾದರು. ಮುಂದೆ ಮದರಾಸಿಗೂ ರಾಜ್ಯಪಾಲರಾಗಿ ಹೋದರು, ಸರ್ಕಾರಿ ಹುದ್ದೆಯಲ್ಲಿ ವರ್ಗವಾದವರ ಹಾಗೆ. ಮಹಾರಾಜ, ರಾಜಪ್ರಮುಖ, ರಾಜ್ಯಪಾಲ. ಈ ಮೂರು ಪದವನ್ನು ಬೋರ್ಡಿನ ಮೇಲೆ ಬರೆದರೆ ಗಣರಾಜ್ಯ ಅಂದರೇನು ಅಂತ ಬೇರೆ ವಿವರಣೆ ಬೇಕಾಗುತ್ತಿರಲಿಲ್ಲ ನನ್ನ ಕ್ಲಾಸಿಗೆ.

ಇಡೀ ಕರ್ನಾಟಕ ಆಗ ಮೈಸೂರಲ್ಲ ಅನ್ನೋದೂ ನೆನಪಿರಲಿ. ನೀವು ಯಾವ ಊರಿನವರು ಅಂತ ಬರೆದಿಲ್ಲ. ಧಾರವಾಡದವರಾಗಿದ್ದರೆ ನಿಮ್ಮ ತಾತ ಆ ದಿನ ಗಣರಾಜ್ಯಕ್ಕೆ ಕಾಲಿಟ್ಟದ್ದು ಬೊಂಬಾಯಿ ರಾಜ್ಯದಿಂದ. ಮಂಗಳೂರು, ಬಳ್ಳಾರಿಯಾದರೆ ಮದರಾಸು. ಕಲಬುರಗಿ, ಬೀದರ್, ರಾಯಚೂರಾದರೆ ಹೈದರಾಬಾದು, ಅಲ್ಲಿ ನಿಜಾಮರೇ ರಾಜಪ್ರಮುಖರು. ಆ ಭಾಗ ಭಾರತಕ್ಕೆ ಸೇರಿದ್ದೇ 1948ರ ಸೆಪ್ಟೆಂಬರ್‌ನಲ್ಲಿ. ಮಡಿಕೇರಿಯಾದರೆ ಕೊಡಗು, ದೆಹಲಿಯ ಕೈಕೆಳಗಿನ ಪುಟ್ಟ ರಾಜ್ಯ. ಬೊಂಬಾಯಿ, ಮದರಾಸು 'ಎ' ಭಾಗ, ಹೈದರಾಬಾದು, ಮೈಸೂರು 'ಬಿ' ಭಾಗ, ಕೊಡಗು 'ಸಿ' ಭಾಗ. ಒಂದೇ ಭಾಷೆಯ ಜನ ಐದು ಆಡಳಿತದಲ್ಲಿ, ಮೂರು ದರ್ಜೆಯಲ್ಲಿ ಹಂಚಿಹೋಗಿದ್ದರು. ಅದು ಒಂದಾಗಿದ್ದು 1956ಕ್ಕೆ, ಅದು ರಾಜ್ಯೋತ್ಸವದ ಕತೆ, ಇಲ್ಲಿ ಬೇಡ.

ಆ ದಿನದ ಬಗ್ಗೆ ಚಿಕ್ಕದಾಗಿ. 1950ರ ಜನವರಿ 26 ಗುರುವಾರ. ಈಗಿನ ರಾಷ್ಟ್ರಪತಿ ಭವನದ ದರ್ಬಾರ್ ಹಾಲ್‌ನಲ್ಲಿ ಬೆಳಗ್ಗೆ 10 ಗಂಟೆ 18 ನಿಮಿಷಕ್ಕೆ ರಾಜಾಜಿ ಗಣರಾಜ್ಯದ ಘೋಷಣೆ ಓದಿದರು, 10 ಗಂಟೆ 24 ನಿಮಿಷಕ್ಕೆ ರಾಜೇಂದ್ರ ಪ್ರಸಾದ್ ಪ್ರಮಾಣ ಸ್ವೀಕರಿಸಿದರು. ನಡುವಿನ ಆ ಆರು ನಿಮಿಷ ಗಣರಾಜ್ಯಕ್ಕೆ ರಾಷ್ಟ್ರಪತಿ ಇರಲಿಲ್ಲ ಅಂತ ಕ್ಲಾಸಿನಲ್ಲಿ ತಮಾಷೆ ಮಾಡುತ್ತಿದ್ದೆ. 31 ತೋಪು ಹಾರಿತು. ಇಂಡೋನೇಷ್ಯಾದ ಸುಕಾರ್ನೋ ಮುಖ್ಯ ಅತಿಥಿ. ಮೊದಲ ಪರೇಡ್ ನಡೆದದ್ದು ರಾಜಪಥದಲ್ಲಲ್ಲ, ಇರ್ವಿನ್ ಕ್ರೀಡಾಂಗಣದಲ್ಲಿ. ರಾಜಪಥಕ್ಕೆ ಅದು ಖಾಯಂ ಆಗಿ ಬಂದಿದ್ದು 1955ಕ್ಕೆ, ಆ ರಸ್ತೆಗೆ ಈಗ ಕರ್ತವ್ಯ ಪಥ ಅಂತ ಹೆಸರು. ಇನ್ನೊಂದು ವಿಷಯ ಮಗಳ ಗಮನಕ್ಕೆ: ಪೀಠಿಕೆಯಲ್ಲಿ 'ಸಮಾಜವಾದಿ', 'ಜಾತ್ಯತೀತ' ಅನ್ನುವ ಪದಗಳು 1976ರ ತಿದ್ದುಪಡಿಯಲ್ಲಿ ಸೇರಿದವು, 1950ರ ಪ್ರತಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೊನೆಗೆ ವಾಟ್ಸಾಪ್. ಅದರಲ್ಲಿ ಬಂದಿದ್ದು ಪೂರ್ತಿ ಸುಳ್ಳಲ್ಲ. ದೆಹಲಿಯ ರೂಢಿ ಹಾಗಿದೆ. ಆಗಸ್ಟ್ 15ಕ್ಕೆ ಕೆಂಪುಕೋಟೆಯಲ್ಲಿ ಪ್ರಧಾನಿ ಧ್ವಜವನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತಾರೆ. ಜನವರಿ 26ಕ್ಕೆ ಮೇಲೆ ಮಡಚಿ ಕಟ್ಟಿಟ್ಟ ಧ್ವಜವನ್ನು ರಾಷ್ಟ್ರಪತಿ ಬಿಚ್ಚಿ ಅರಳಿಸುತ್ತಾರೆ. ಹೊಸ ದೇಶ ಎದ್ದು ನಿಂತದ್ದು ಒಂದು, ಆಗಲೇ ನಿಂತ ದೇಶ ಅರಳಿದ್ದು ಇನ್ನೊಂದು ಅಂತ ಅದಕ್ಕೆ ಅರ್ಥ ಹೇಳುತ್ತಾರೆ. ಚೆನ್ನಾಗಿದೆ. ಆದರೆ ನಮ್ಮ ಶಾಲೆಗಳಲ್ಲಿ ಎರಡೂ ದಿನ ಮೇಲೇ ಕಟ್ಟಿರುತ್ತಾರೆ, ಒಳಗೆ ಹೂವಿನ ಎಸಳು ಇಟ್ಟಿರುತ್ತಾರೆ, ಹಗ್ಗ ಎಳೆದರೆ ತಲೆ ಮೇಲೆ ಉದುರುತ್ತದೆ. ಅದಕ್ಕಾಗಿ ಯಾರೂ ಮೇಷ್ಟ್ರ ಜೊತೆ ಜಗಳಕ್ಕೆ ಹೋಗಬೇಕಿಲ್ಲ. ಧ್ವಜದೊಳಗೆ ಯಾವ ವಸ್ತುವನ್ನೂ ಇಡಬಾರದು ಅನ್ನುವ ಧ್ವಜ ಸಂಹಿತೆ, ರಾಷ್ಟ್ರೀಯ ಹಬ್ಬಗಳಲ್ಲಿ ಹೂವಿನ ಎಸಳು ಇಡಬಹುದು ಅಂತ ಅಲ್ಲೇ ವಿನಾಯಿತಿ ಕೊಟ್ಟಿದೆ. ಕೇಸರಿ ಮೇಲೆ ಬರಬೇಕು, ಬಟ್ಟೆ ಹರಿದಿರಬಾರದು, ನೆಲ ಮುಟ್ಟಬಾರದು, ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಇವು ನಿಜವಾದ ನಿಯಮಗಳು. ಭಾಷಣದಲ್ಲಿ ಧ್ವಜದ ಮಾತು ಬರುವುದಾದರೆ ಶಿವಪುರ, ವಿದುರಾಶ್ವತ್ಥದ ಹೆಸರು ಹೇಳಿಸಿ. 1938ರ ಏಪ್ರಿಲ್‌ನಲ್ಲಿ ಮೈಸೂರು ಸಂಸ್ಥಾನ ಕಾಂಗ್ರೆಸ್ ಧ್ವಜಕ್ಕೆ ನಿಷೇಧ ಹಾಕಿದಾಗ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಜನ ಹಾರಿಸಿಯೇ ಬಿಟ್ಟರು. ಅದೇ ತಿಂಗಳು ಗೌರಿಬಿದನೂರಿನ ಬಳಿ ವಿದುರಾಶ್ವತ್ಥದಲ್ಲಿ ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು.

ಧ್ವಜ ಬಿಚ್ಚೋದು ನೋಡಿದಷ್ಟು ಸುಲಭವೂ ಅಲ್ಲ. ಒಮ್ಮೆ ಒಂದು ಹೈಸ್ಕೂಲಿಗೆ ನನ್ನನ್ನು ಅತಿಥಿ ಅಂತ ಕರೆದಿದ್ದರು. ಹಗ್ಗ ಎಳೆದೆ, ಬಿಚ್ಚಲಿಲ್ಲ. ಇನ್ನೊಂದು ಸಲ ಎಳೆದೆ. ಮಕ್ಕಳೆಲ್ಲ ಸೆಲ್ಯೂಟ್ ಹೊಡೆದು ನಿಂತಿದ್ದಾರೆ, ಹಾಡಲು ಬಾಯಿ ತೆರೆದ ನಾಲ್ಕು ಹುಡುಗಿಯರು ಹಾಗೇ ನಿಂತರು. ಮೂರನೇ ಸಲ ಎಳೆದಾಗ ಹೂವು ಸಮೇತ ಇಡೀ ಕಟ್ಟು ಅರ್ಧ ಕಂಬಕ್ಕೆ ಇಳಿದು ಬಂತು. ಪಿ.ಟಿ. ಮೇಷ್ಟ್ರು ಓಡಿ ಬಂದು ಕೆಳಗಿಳಿಸಿ ಹಲ್ಲು ಕಚ್ಚಿ ಗಂಟು ಸಡಿಲಿಸಿದರು. ಹಿಂದಿನ ರಾತ್ರಿಯೇ ಕಟ್ಟಿಟ್ಟಿದ್ದರಂತೆ, ಜನವರಿಯ ಇಬ್ಬನಿಗೆ ನೂಲಿನ ಹಗ್ಗ ನೆನೆದು ಗಂಟು ಕಲ್ಲಾಗಿತ್ತು. ನಿಮ್ಮ ಮಗಳ ಶಾಲೆಯಲ್ಲಿ ಕಟ್ಟುವವರು ಯಾರು ಅಂತ ಗೊತ್ತಿದ್ದರೆ ಹೇಳಿ: ಹಿಂದಿನ ಸಂಜೆ ಒಂದು ಸಲ ಕಟ್ಟಿ, ಎಳೆದು ನೋಡಲಿ, ಬಿಚ್ಚಿ ಒಳಗಿಡಲಿ. ನಿಜವಾಗಿ ಕಟ್ಟೋದು ಬೆಳಗ್ಗೆಯೇ, ಒಂದೇ ಎಳೆತಕ್ಕೆ ಜಾರುವ ಗಂಟು ಹಾಕಿ, ಎಸಳು ಒಂದು ಹಿಡಿಗಿಂತ ಜಾಸ್ತಿ ಬೇಡ.